ಇಬ್ಬನಿ ಕವಿಯುವುದಿಲ್ಲ, ಕೂಡುತ್ತದೆ

ಮಾನ್ಯರೇ,

ಮಾಗಿಯ ಚಳಿ ಆರಂಭವಾದೊಡನೆ ಪತ್ರಿಕೆಗಳಲ್ಲಿ ‘ದಟ್ಟ ಇಬ್ಬನಿ ಕವಿದು ಸವಾರರ ಪರದಾಟ’ ಎಂಬ ಬಗೆಯ ಶೀರ್ಷಿಕೆಗಳು ಕಾಣಿಸಿಕೊಳ್ಳುತ್ತವೆ. ದಾರಿ ಕಾಣದಂತೆ ಮಾಡುವುದು ಗಾಳಿಯಲ್ಲಿ ತೇಲುವ ಮಂಜು. ಅದಕ್ಕೆ ಕಾವಳ ಎಂಬ ಚೆಂದದ ಹೆಸರೂ ಇದೆ. ಇಬ್ಬನಿಯಾದರೋ ಹುಲ್ಲು, ಎಲೆ, ಜೇಡರ ಬಲೆ, ಅಂಗಳದಲ್ಲಿ ನಿಲ್ಲಿಸಿದ ಬೈಕಿನ ಸೀಟು ಇವುಗಳ ಮೇಲೆ ಕೂಡುವ ನೀರು.

ಪದವೇ ಇದನ್ನು ತಿಳಿಸುತ್ತದೆ. ‘ಕಣ್’ ಮತ್ತು ‘ಪನಿ’ ಸೇರಿ ‘ಕಂಬನಿ’ ಆಗಿರುವಂತೆ, ಇಬ್ಬನಿಯ ಕೊನೆಯಲ್ಲಿರುವುದೂ ಹಳಗನ್ನಡದ ‘ಪನಿ’, ಅಂದರೆ ಇಂದಿನ ‘ಹನಿ’. ತಮಿಳಿನಲ್ಲಿ ‘ಪನಿ’ಗೆ ಇಬ್ಬನಿ ಎಂಬ ಅರ್ಥ ಈಗಲೂ ಉಳಿದಿದೆ. ಹನಿಯಾಗಿ ಕೂಡದೆ ತೇಲುವ ಮಂಜನ್ನು ಇಬ್ಬನಿ ಎಂದು ಬರೆದಾಗ ಹೆಸರಿನೊಳಗಿನ ಆ ಹನಿಯನ್ನೇ ಒರೆಸಿಹಾಕಿದಂತಾಗುತ್ತದೆ.

‘ಇಬ್ಬನಿ ಬೀಳುತ್ತದೆ’ ಎಂಬುದು ನಮ್ಮೆಲ್ಲರ ರೂಢಿಯ ಮಾತು, ಅದನ್ನು ತಿದ್ದಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅದು ಮೇಲಿನಿಂದ ಬೀಳುವುದಿಲ್ಲ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲವೂ ಎಲೆಗಳೂ ತಮ್ಮ ಕಾವನ್ನು ಬಯಲಿಗೆ ಬಿಟ್ಟು ತಣ್ಣಗಾದಾಗ, ಅವುಗಳನ್ನು ತಾಗಿದ ಗಾಳಿಯ ತೇವ ಅಲ್ಲಿಯೇ ಹನಿಗಟ್ಟುತ್ತದೆ. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಉಣ್ಣೆಯ ತುಣುಕುಗಳನ್ನು ರಾತ್ರಿ ಬಯಲಲ್ಲಿರಿಸಿ, ಅವು ಹೀರಿದ ನೀರನ್ನು ತೂಗಿ ನೋಡಿ, 1814ರಲ್ಲಿ ಇದನ್ನು ವಿವರಿಸಿದ. ಮರದಡಿಯ ಹುಲ್ಲಿನಲ್ಲಿ ಇಬ್ಬನಿ ಕಡಿಮೆ ಇರುವುದಕ್ಕೂ ಇದೇ ಕಾರಣ: ನೆಲದ ಕಾವು ಹೊರಹೋಗದಂತೆ ಮರ ತಡೆಯುತ್ತದೆ. (ಬೆಳಗ್ಗೆ ಗರಿಕೆಯ ತುದಿಯಲ್ಲಿ ಮಾತ್ರ ನಿಂತಿರುವ ಒಂಟಿ ಹನಿ ಎಷ್ಟೋ ಸಲ ಇಬ್ಬನಿಯಲ್ಲ, ಬೇರು ಹೀರಿದ ನೀರನ್ನು ಗಿಡವೇ ಹೊರಹಾಕಿದ್ದು.)

ಹಿಂಗಾರಿ ಬೆಳೆಯುವವರಿಗೆ ಈ ವ್ಯತ್ಯಾಸ ಬರಿಯ ಪದಗಳ ಚರ್ಚೆಯಲ್ಲ. ಎಲೆಯ ಮೇಲಿನ ಇಬ್ಬನಿ ಆರುವ ತನಕ ರೈತರು ಔಷಧಿ ಸಿಂಪಡಿಸದೆ ಕಾಯುತ್ತಾರೆ. ಕಡಲೆ ಹೊಲದಲ್ಲಿ ನಸುಕಿಗೆ ತೆಳುಬಟ್ಟೆ ಹಾಸಿ, ಗಿಡದ ಹುಳಿ ಬೆರೆತ ಇಬ್ಬನಿಯನ್ನು ಹಿಂಡಿ ಇಟ್ಟುಕೊಳ್ಳುವ ಪದ್ಧತಿಯೂ ಇದೆ. ಕಾವಳವನ್ನು ಯಾರೂ ಹೀಗೆ ಬಟ್ಟೆಯಲ್ಲಿ ಹಿಂಡಲಾರರು.

ಇದರ ತಿರುವುಮುರುವು ಕ್ರೀಡಾಪುಟದಲ್ಲಿದೆ. ರಾತ್ರಿಯ ಕ್ರಿಕೆಟ್ ಪಂದ್ಯದಲ್ಲಿ ಚೆಂಡು ಒದ್ದೆಯಾಗಿ ಬೌಲರ್‌ನ ಹಿಡಿತಕ್ಕೆ ಸಿಗದಿದ್ದರೆ ‘ಮಂಜಿನ ಕಾಟ’ ಎಂದು ಬರೆಯುತ್ತಾರೆ. ಮಂಜು ಎಂಬ ಪದವನ್ನು ಎರಡಕ್ಕೂ ಬಳಸುವವರಿದ್ದಾರೆ, ನಿಜ. ಆದರೂ ಒದ್ದೆ ಹುಲ್ಲಿಗೆ ಇಬ್ಬನಿ, ಮಸುಕಾದ ದಾರಿಗೆ ಮಂಜು ಅಥವಾ ಕಾವಳ ಎಂದು ಬರೆಯುವಂತೆ ತಮ್ಮ ಸುದ್ದಿಮನೆಯವರಿಗೆ ತಿಳಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಕನ್ನಡ ಅಧ್ಯಾಪಕ, ಧಾರವಾಡ