22-22 ತೋರಿಸೋಕಾಗದ ಸ್ಕೋರ್ ಬೋರ್ಡ್ ಬಗ್ಗೆ ದೂರು

ಗೆ,
ಗ್ರಾಹಕ ಸೇವೆ ನೋಡ್ಕೊಳ್ಳೋ ಮ್ಯಾನೇಜರ್ ಅವರಿಗೆ

ವಿಷಯ: ಕೈಯಲ್ಲಿ ನಂಬರ್ ಬದಲಾಯಿಸೋ ನಿಮ್ಮ ಸ್ಕೋರ್ ಬೋರ್ಡಿನ ಪ್ಲೇಟ್ ಸೆಟ್ಟಲ್ಲಿರೋ ದೋಷ, ಆಮೇಲೆ ಬೋರ್ಡ್ ಉಬ್ಬಿ ಹಾಳಾಗಿರೋದು

ಮಾನ್ಯರೇ,

ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆಯ ಒಂದು ಊರಿನ ಯುವಕ ಸಂಘದವನು. ನಮ್ಮ ಸಂಘದಿಂದ ವರ್ಷಕ್ಕೊಂದ್ಸಲ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ, ಆಮೇಲೆ ಅಡಿಕೆ ಕೊಯ್ಲು ಮುಗಿದ್ಮೇಲೆ ಒಂದು ವಾಲಿಬಾಲ್ ಮಾಡ್ತೀವಿ. ಕಳೆದ ನವೆಂಬರಲ್ಲಿ ಶಿವಮೊಗ್ಗದ ನಿಮ್ಮ ಡೀಲರ್ ಹತ್ರ 9,400 ರೂಪಾಯಿ ಕೊಟ್ಟು ನಿಮ್ಮ ಕಂಪನಿಯ ಸ್ಕೋರ್ ಬೋರ್ಡ್ ತಗೊಂಡ್ವಿ, ಬಿಲ್ ನನ್ನ ಹತ್ರ ಇದೆ. ಈ ದುಡ್ಡು ಯಾರೋ ದೊಡ್ಡೋರು ಸ್ಪಾನ್ಸರ್ ಮಾಡಿದ್ದಲ್ಲ, ನಮ್ಮ ಹುಡುಗರು ಎರಡು ಸೀಸನ್ ಭಾನುವಾರ ಭಾನುವಾರ ಅಡಿಕೆ ಮೂಟೆ ಲೋಡಿಂಗಿಗೆ ಹೋಗಿ ಸಂಘಕ್ಕೆ ಕಟ್ಟಿದ ದುಡ್ಡು. ನಿಮ್ಮ ಕಸ್ಟಮರ್ ಕೇರಿಗೆ ಮೂರು ಸಲ ಫೋನ್ ಮಾಡಿದೀನಿ, ಮೂರು ಸಲಾನೂ "ಸಾರ್ 30 ಪ್ಲೇಟ್ ಬಂದಿದ್ಯಲ್ಲ, ಡಿಫೆಕ್ಟ್ ಎಲ್ಲಿದೆ" ಅಂತಾನೇ ಕೇಳಿದ್ರು. ಡಿಫೆಕ್ಟ್ ಎಲ್ಲಿದೆ ಅಂತ ಫೋನಲ್ಲಿ ಹೇಳಿದ್ರೆ ಅವರಿಗೆ ತಲೆಗೆ ಹೋಗ್ಲಿಲ್ಲ, ಅದಕ್ಕೇ ಕೂತು ಬರೀತಿದೀನಿ, ದಯವಿಟ್ಟು ಪೂರ್ತಿ ಓದಿ.

ನಿಮ್ಮ ಬೋರ್ಡಲ್ಲಿ ಒಂದೊಂದು ಟೀಮಿಗೆ ಎರಡೆರಡು ಕೊಕ್ಕೆ, ಒಟ್ಟು ನಾಲ್ಕು. ಅದಕ್ಕೆ ನೀವು ಕೊಟ್ಟಿರೋದು 0ಯಿಂದ 9ರ ತನಕ ಮೂರು ಸೆಟ್, ಅಂದ್ರೆ 30 ಪ್ಲೇಟು. ಈಗ ನೀವೇ ಟೇಬಲ್ ಮೇಲೆ ಪ್ಲೇಟ್ ಹರಡಿಕೊಂಡು 11-11 ಹಾಕಿ ನೋಡಿ. 1ರ ಪ್ಲೇಟ್ ನಾಲ್ಕು ಬೇಕು, ಇರೋದು ಮೂರೇ. 22-22 ಹಾಕಿ, ಅದೂ ಆಗಲ್ಲ. 33-33 ಆಗಲ್ಲ, 44-44 ಆಗಲ್ಲ. 49ರ ತನಕ ಉಳಿದಿದ್ದೆಲ್ಲ ಆಗುತ್ತೆ, ಅಂಗಡೀಲಿ ತೋರಿಸುವಾಗ ಯಾರಿಗೂ ಗೊತ್ತಾಗಲ್ಲ, ನಮಗೂ ಗೊತ್ತಾಗ್ಲಿಲ್ಲ. ಎರಡು ಟೀಮೂ ಸಮ ಸಮ ನಿಂತಾಗ ಮಾತ್ರ ನಿಮ್ಮ ಬೋರ್ಡ್ ಕೈಕೊಡುತ್ತೆ. ಒನ್ ಸೈಡ್ ಮ್ಯಾಚಿಗೆ ಬೋರ್ಡ್ ಯಾರು ನೋಡ್ತಾರೆ ಹೇಳಿ ಸಾರ್, ಜನ ಕತ್ತೆತ್ತಿ ಬೋರ್ಡ್ ನೋಡೋದೇ ಸಮ ಆದಾಗ.

ನಮ್ಮ ಫೈನಲಲ್ಲಿ ಆಗಿದ್ದು ಇದೇ. ಕೊಯ್ಲಾದ ಗದ್ದೆ ಸಮ ಮಾಡಿ ಅಂಕಣ ಹಾಕಿದ್ವಿ, ಹೊಸನಗರ ಕಡೆ ಟೀಮಿಗೂ ಕೊಪ್ಪ ಕಡೆ ಟೀಮಿಗೂ ಫೈನಲ್ ಬಿತ್ತು, ನಮ್ಮೂರ ಟೀಮ್ ಸೆಮಿಫೈನಲಲ್ಲೇ ಸೋತಿದ್ರಿಂದ ನಮಗೆ ಯಾರ ಪರಾನೂ ಇರ್ಲಿಲ್ಲ. ರಾತ್ರಿ ಒಂದೂವರೆ ದಾಟಿತ್ತು, ಇಬ್ಬನಿ ಸುರೀತಿತ್ತು, ಒಬ್ಬರೂ ಎದ್ದೋಗಿರ್ಲಿಲ್ಲ. ಹೊಸನಗರದವರು 22, ಕೊಪ್ಪದವರು 21. ಕೊಪ್ಪದ ರೇಡರ್ ಒಳಗೆ ಹೋಗಿ ಒಬ್ಬನ್ನ ಮುಟ್ಕೊಂಡು ಬಂದ, 22-22 ಆಯ್ತು, ಟೈಮ್ ಉಳಿದಿದ್ದು ಹೊಸನಗರದವರ ಒಂದು ರೇಡಿಗೆ ಆಗೋವಷ್ಟು ಮಾತ್ರ. ಬೋರ್ಡ್ ಹತ್ರ ಇದ್ದ ನಮ್ಮ ಹುಡುಗ, ಪಿಯುಸಿ ಓದ್ತಿದಾನೆ, ಡಬ್ಬದಲ್ಲಿ 2ರ ನಾಲ್ಕನೇ ಪ್ಲೇಟ್ ಹುಡುಕ್ತಿದಾನೆ, ಸಿಗ್ತಿಲ್ಲ, ಇದ್ರೆ ತಾನೆ ಸಿಗೋದು. ಕೆಳಗೆ ಬಿದ್ದಿರಬಹುದು ಅಂತ ಮೊಬೈಲ್ ಟಾರ್ಚ್ ಹಾಕ್ಕೊಂಡು ಹುಲ್ಲಲ್ಲಿ ತಡಕಾಡಿದಾನೆ. ಸಾಯಂಕಾಲದ ಒಂದು ಮ್ಯಾಚಲ್ಲಿ 11-11 ಬಂದಾಗ್ಲೂ ಹಿಂಗೇ ಆಗಿ, ಒಂದು ಪ್ಲೇಟಿನ ಹಿಂದೆ ಚಾಕ್‌ಪೀಸಲ್ಲಿ ಬರ್ದು ಹಾಕಿದ್ರಂತೆ, ಒಂದು ಪ್ಲೇಟ್ ಎಲ್ಲೋ ಕಳೆದೋಗಿದೆ ಅಂದ್ಕೊಂಡು ನನಗೆ ಹೇಳಿರ್ಲಿಲ್ಲ. ಈ ಸಲ ಪ್ಲೇಟೆಲ್ಲ ಇಬ್ಬನಿಗೆ ಒದ್ದೆಯಾಗಿತ್ತು, ಚಾಕ್ ಹಿಡೀಲಿಲ್ಲ. ಅಷ್ಟೊತ್ತೂ ಬೋರ್ಡ್ ಮೇಲೆ 22-21 ಅಂತಾನೇ ಇತ್ತು.

ನಾನು ಸ್ಕೋರ್ ಶೀಟ್ ಬರೀತಾ ಟೇಬಲಲ್ಲಿ ಕೂತಿದ್ದೆ, ಬೋರ್ಡ್ ನನ್ನ ಬೆನ್ನಿಗಿತ್ತು. ಕಾಮೆಂಟರಿಯವರು ಮೈಕಲ್ಲಿ ಇಪ್ಪತ್ತೆರಡು ಇಪ್ಪತ್ತೆರಡು ಅಂತ ಕೂಗಿದಾರೆ, ಆದ್ರೆ ಆ ಗಲಾಟೇಲಿ ಅಂಕಣದ ಒಳಗೆ ಏನೂ ಕೇಳಲ್ಲ. ಹೊಸನಗರದ ರೇಡರ್ ಹೊರಡೋಕೆ ಮುಂಚೆ ಒಂದ್ಸಲ ಬೋರ್ಡ್ ನೋಡಿದ, ಅದನ್ನ ಸುಮಾರು ಜನ ನೋಡಿದಾರೆ. ಒಂದು ಪಾಯಿಂಟ್ ಮುಂದಿದೀವಿ ಅಂತ ತಿಳ್ಕೊಂಡ. ರೇಡರ್ ದಾಟಲೇಬೇಕಾದ ಬಾಕ್ ಲೈನ್ ದಾಟಿ, ಯಾರ ತಂಟೆಗೂ ಹೋಗದೆ, 30 ಸೆಕೆಂಡ್ ಒಳಗೆ ಹೊತ್ತು ಕಳೆದು ವಾಪಸ್ ಬಂದ. ವಿಷಲ್ ಆಯ್ತು. ಅವನು ಎರಡೂ ಕೈ ಮೇಲೆತ್ತಿ ಅವನ ಟೀಮಿನವರ ಮೇಲೆ ಹಾರಿದ. ಆಮೇಲೆ ರೆಫ್ರಿ ಬಂದು ಟೈ ಆಗಿದೆ ಅಂತ ಹೇಳಿದಾಗ ಆ ಹುಡುಗನ ಮುಖ ನಾನು ನೋಡಿದೀನಿ.

ಟೈ ಆದ್ಮೇಲೆ ಐದೈದು ರೇಡ್ ಕೊಟ್ರು, ಹೊಸನಗರದವರು ಒಂದು ಪಾಯಿಂಟಲ್ಲಿ ಸೋತ್ರು. ಅವರ ಕಡೆಯವರು ಬೋರ್ಡ್ ತೋರಿಸಿ ಜಗಳಕ್ಕೆ ನಿಂತ್ರು. ನಿಯಮದ ಪ್ರಕಾರ ಸ್ಕೋರ್ ಶೀಟೇ ಲೆಕ್ಕ, ಬೋರ್ಡ್ ಬರೀ ತೋರಿಸೋಕೆ, ಹಂಗಾಗಿ ರೆಫ್ರಿ ಹೇಳಿದ್ದು ಸರೀನೇ. ಆದ್ರೆ 22-22 ಅಂತ ಗೊತ್ತಿದ್ರೆ ಆ ರೇಡರ್ ಸುಮ್ನೆ ವಾಪಸ್ ಬರ್ತಿದ್ನಾ? ಆ ದಿನ ಪೂರ್ತಿ ಅವನ ಟೀಮಿನ ಅರ್ಧಕ್ಕರ್ಧ ಪಾಯಿಂಟ್ ಅವನದ್ದೇ ಇತ್ತು. ಊರ ಹಿರಿಯರು ಮಧ್ಯ ಬಂದು ಸಮಾಧಾನ ಮಾಡಿ, ಊಟ ಹಾಕಿ ಕಳಿಸೋ ಹೊತ್ತಿಗೆ ಬೆಳಗಿನ ಜಾವ ಆಗಿತ್ತು. ನಮ್ಮ ಬೋರ್ಡಿನ ಹುಡುಗ ಒಂದು ವಾರ ಫೀಲ್ಡ್ ಕಡೆ ಬರ್ಲಿಲ್ಲ, ಮನೆಗೆ ಹೋಗಿ ಕರೆದ್ರೂ ಬರ್ಲಿಲ್ಲ, ತಾನೇ ಪ್ಲೇಟ್ ಕಳೆದೆ ಅಂತ ತಿಳ್ಕೊಂಡಿದ್ದ. ನಾನು ಅವನ ಮುಂದೇನೇ ಕೂತು 30 ಪ್ಲೇಟೂ ಎಣಿಸಿ ತೋರಿಸಿದ್ಮೇಲೆ ಅವನು ನಂಬಿದ್ದು.

ತಗೊಳ್ಳುವಾಗ ನಾವೂ ಎಣಿಸಿ ನೋಡಬೇಕಿತ್ತು, ಅದನ್ನ ಒಪ್ಕೊಳ್ತೀನಿ. ಆದ್ರೆ ನಮ್ಮ ಹಳೇ ಬೋರ್ಡಲ್ಲಿ ಯಾವತ್ತೂ ಎಣಿಸೋ ಪ್ರಸಂಗಾನೇ ಬಂದಿರ್ಲಿಲ್ಲ. ಅದನ್ನ ಮಾಡಿಕೊಟ್ಟಿದ್ದು ತೀರ್ಥಹಳ್ಳಿಲಿ ಅಂಗಡಿ ಬೋರ್ಡ್ ಬರೀತಿದ್ದ ಒಬ್ರು ಅಜ್ಜ, ಡಾಂಬರ್ ಡ್ರಮ್ ಸೀಳಿ ತಟ್ಟಿ ಅದರ ತಗಡಲ್ಲಿ ಪ್ಲೇಟ್ ಮಾಡಿ, ಕಪ್ಪು ಬಳಿದು ಬಿಳಿ ನಂಬರ್ ಬರೆದಿದ್ರು. 19 ವರ್ಷ ಬಂತು ಆ ಬೋರ್ಡ್. ಅಂಚೆಲ್ಲ ತುಕ್ಕು ತಿಂದು ಹುಡುಗರ ಕೈ ಕೊಯ್ಯೋಕೆ ಶುರುವಾಯ್ತು ಅಂತಾನೇ ನಿಮ್ಮದು ತಗೊಂಡಿದ್ದು. ಫೈನಲ್ ಆದ ಮಾರನೇ ದಿನ ಅಟ್ಟದಿಂದ ಅಜ್ಜನ ಡಬ್ಬ ಇಳಿಸಿ ನೋಡಿದೆ. 1ರ ಪ್ಲೇಟ್ ಐದಿತ್ತು, 2ರದ್ದು ಐದಿತ್ತು, 3ರದ್ದು ನಾಲ್ಕಿತ್ತು, 8ರದ್ದು 9ರದ್ದು ಬರೀ ಎರಡೆರಡು. ಇಷ್ಟು ವರ್ಷ ಆ ಪ್ಲೇಟ್ ಹಾಕಿ ತೆಗೆದು ಮಾಡಿದ್ರೂ ಅಜ್ಜ ಎಂತಕ್ಕೆ ಹಂಗೆ ಮಾಡಿದ್ರು ಅಂತ ಯೋಚನೆ ಮಾಡಿರ್ಲಿಲ್ಲ ನಾನು. ಅವರು ತೀರಿಕೊಂಡು ಎರಡು ವರ್ಷ ಆಯ್ತು, ಈಗ ಕೇಳೋಣ ಅಂದ್ರೂ ಅವರಿಲ್ಲ. ಯಾವ ನಂಬರ್ ಎಷ್ಟು ಬೇಕು ಅಂತ ಕಬಡ್ಡಿ ನೋಡಿ ನೋಡಿ ಅವರಿಗೆ ಗೊತ್ತಿತ್ತು, ಅಷ್ಟೇ.

ಅದನ್ನ ನೋಡಿದ್ಮೇಲೆ ಒಂದು ಪೇಪರಲ್ಲಿ ಲೆಕ್ಕ ಹಾಕ್ದೆ. ಒಂದೊಂದು ಟೀಮಿಗೆ 49 ಪಾಯಿಂಟ್ ತನಕ ಯಾವ ಸ್ಕೋರ್ ಬಂದ್ರೂ ತೋರಿಸ್ಬೇಕು ಅಂದ್ರೆ 1ರಿಂದ 4ರ ತನಕ ತಲಾ ನಾಲ್ಕು ಪ್ಲೇಟ್ ಬೇಕು, ಯಾಕಂದ್ರೆ ಅವು ಹತ್ತರ ಸ್ಥಾನಕ್ಕೂ ಬರ್ತವೆ ಬಿಡಿ ಸ್ಥಾನಕ್ಕೂ ಬರ್ತವೆ. 5ರಿಂದ 9 ಬಿಡಿ ಸ್ಥಾನಕ್ಕೆ ಮಾತ್ರ, ಎರಡೆರಡು ಸಾಕು. 0 ಕೂಡ ಎರಡು ಸಾಕು, 0-0 ಇದ್ದಾಗ ಹತ್ತರ ಕೊಕ್ಕೆ ಖಾಲಿ ಬಿಟ್ರೆ ಆಯ್ತು. ಒಟ್ಟು 28. ನೀವು 30 ಕೊಟ್ಟಿದೀರ. ನೀವು ಕೊಟ್ಟಿದ್ದಕ್ಕಿಂತ ಎರಡು ಪ್ಲೇಟ್ ಕಮ್ಮೀಲೇ ಎಲ್ಲಾ ಸರಿಹೋಗ್ತಿತ್ತು ಸಾರ್. ಅಂದ್ಮೇಲೆ ಇದು ದುಡ್ಡು ಉಳಿಸೋಕೆ ಮಾಡಿದ್ದಲ್ಲ, ಯಾರೂ ಒಂದು ನಿಮಿಷ ಕೂತು ಆಟ ಹೆಂಗೆ ನಡೆಯುತ್ತೆ ಅಂತ ಯೋಚನೆ ಮಾಡಿಲ್ಲ, ನನಗೆ ಬೇಜಾರಾಗಿರೋದು ಅದಕ್ಕೇ ಜಾಸ್ತಿ. ವಾಲಿಬಾಲಿಗೂ ಇದೇ ಕಥೆ, 25ರ ಸೆಟ್ಟು, ಜಿದ್ದಾಜಿದ್ದಿ ಇದ್ರೆ 11-11 ಬರುತ್ತೆ, 22-22 ಬರುತ್ತೆ. ಡಬ್ಬದ ಮೇಲೆ ಎಲ್ಲಾ ಆಟಕ್ಕೂ ಅಂತ ಬರೆದಿದೀರ.

ಇನ್ನೊಂದು, ನಿಮ್ಮ ಪ್ಲೇಟಿಗೆ ಮೇಲೂ ತೂತಿದೆ ಕೆಳಗೂ ತೂತಿದೆ. ವಾಲಿಬಾಲ್ ಪ್ರಾಕ್ಟೀಸಲ್ಲಿ ಒಬ್ಬ ಅವಸರದಲ್ಲಿ 6ನ್ನ ತಲೆಕೆಳಗೆ ನೇತಾಕಿ 16 ಇದ್ದಿದ್ದು 19 ಆಯ್ತು. ಅಜ್ಜ ಮೇಲ್ಗಡೆ ಮಾತ್ರ ತೂತು ಹೊಡೆದು 6ಕ್ಕೂ 9ಕ್ಕೂ ಅಡಿಗೆರೆ ಹಾಕಿದ್ರು.

ಬೋರ್ಡಿನ ವಿಷಯ ಹೇಳ್ತೀನಿ. ವಾಟರ್‌ಪ್ರೂಫ್ ಅಂತ ಹೇಳಿ ಮಾರಿದ್ದು. ಹಿಂದಿನ ಶೀಟ್ ಎಂಡಿಎಫ್, ಅಂದ್ರೆ ಮರದ ನಾರು ಒತ್ತಿ ಮಾಡಿದ ಹಲಗೆ, ಮುಂದೆ ಮಾತ್ರ ಪೇಂಟು, ಅಂಚಿಗೆ ಏನೂ ಇಲ್ಲ. ಮೂರು ರಾತ್ರಿ ಇಬ್ಬನಿಗೆ ಕೆಳಗಿನ ಅಂಚು ನೆನೆದ ಬ್ರೆಡ್ ತರ ಉಬ್ಬಿದೆ, ಎರಡು ಕೊಕ್ಕೆಯ ಸ್ಕ್ರೂ ಸಡಿಲ ಆಗಿ ಕೈಯಲ್ಲೇ ಬಂತು. ನಮ್ಮ ಪಕ್ಕದ ಆಗುಂಬೇಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಇಲ್ಲಿ ಮಳೆಗಾಲದಲ್ಲಿ ಬೀರು ಒಳಗಿರೋ ಬಟ್ಟೆಗೇ ಬೂಸ್ಟು ಹಿಡಿಯುತ್ತೆ, ಜೂನ್ ಬಂದ್ರೆ ಈ ಬೋರ್ಡ್ ಉಳಿಯಲ್ಲ. ಮಳೇಲಿ ನೆನೆಸಿ ಅಂತ ನಾವೇನೂ ಕೇಳ್ತಿಲ್ಲ, ಜನವರಿ ತಿಂಗಳ ಇಬ್ಬನಿಗಾದ್ರೂ ತಡೀಬೇಕಲ್ವಾ. ಪೇಂಟೂ ಫಳಫಳ ಹೊಳೆಯೋ ತರದ್ದು, ಫ್ಲಡ್‌ಲೈಟ್ ಹಾಕಿದ್ರೆ ಆ ಕಡೆ ಗ್ಯಾಲರಿಯವರಿಗೆ ಬರೀ ಬೆಳಕು ಕಾಣುತ್ತೆ, ನಂಬರ್ ಕಾಣಲ್ಲ, ಕಪ್ಪಿನ ಮೇಲೆ ಕೆಂಪಲ್ಲಿ ಬರೆದಿರೋದು ಬೇರೆ.

ಮೂರನೇ ಸಲ ಫೋನ್ ಮಾಡಿದಾಗ ನಿಮ್ಮವರು ಒಬ್ರು "ಈಗ ಯಾರು ಮ್ಯಾನುವಲ್ ಬಳಸ್ತಾರೆ, ಎಲೆಕ್ಟ್ರಾನಿಕ್ ತಗೊಳಿ, ಡಿಸ್ಕೌಂಟ್ ಕೊಡ್ತೀವಿ" ಅಂದ್ರು. ಆ ಮಾತು ಮಾತ್ರ ನನಗೆ ತುಂಬಾ ನೋವಾಯ್ತು. ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ, ಫ್ಲಡ್‌ಲೈಟು ಜನರೇಟರಲ್ಲಿ ಓಡಿಸ್ತೀವಿ, ಒಂದ್ಸಲ ಅದೂ ಕೈಕೊಟ್ಟಾಗ ನಾಲ್ಕು ಜೀಪಿನ ಹೆಡ್‌ಲೈಟ್ ಬೆಳಕಲ್ಲಿ ಮ್ಯಾಚ್ ಮುಗಿಸಿದೀವಿ, ಅಜ್ಜನ ಬೋರ್ಡ್ ಆಗ್ಲೂ ಸ್ಕೋರ್ ತೋರಿಸ್ತು. ಮ್ಯಾನುವಲ್ ಬೋರ್ಡ್ ಅಂದ್ರೆ ಬಡವರ ವಸ್ತು ಅಂತ ತಿಳ್ಕೊಂಡಿದ್ರೆ ಆಸ್ಟ್ರೇಲಿಯಾದ ಅಡಿಲೇಡ್ ಓವಲ್ ಕ್ರಿಕೆಟ್ ಮೈದಾನದ ಬೋರ್ಡ್ ನೋಡಿ ಮಾರಾಯ್ರೆ. 1911ರಲ್ಲಿ ಕಟ್ಟಿದ್ದು, ಈಗ್ಲೂ ಒಳಗೆ ಜನ ನಿಂತು ಕೈಯಲ್ಲೇ ನಂಬರ್ ಬದಲಾಯಿಸ್ತಾರೆ. 2003ರಲ್ಲಿ ನಮ್ಮ ರಾಹುಲ್ ದ್ರಾವಿಡ್ ಅಲ್ಲಿ 233, ಎರಡನೇ ಇನ್ನಿಂಗ್ಸಲ್ಲಿ ಔಟಾಗದೆ 72 ಹೊಡೆದು ಗೆಲ್ಲಿಸಿದ್ದು ಆ ಬೋರ್ಡಿನ ಮುಂದೇನೇ. ಅಮೆರಿಕದ ಬಾಸ್ಟನ್ನಲ್ಲಿ ಫೆನ್ವೇ ಪಾರ್ಕ್ ಅಂತ ಬೇಸ್‌ಬಾಲ್ ಸ್ಟೇಡಿಯಂ ಇದೆ, ಅಲ್ಲೂ ಗೋಡೆಯಲ್ಲಿರೋ ಬೋರ್ಡನ್ನ ಇವತ್ತಿಗೂ ಕೈಯಲ್ಲೇ ನಡೆಸ್ತಾರೆ. ಅವರಿಗೆ ದೊಡ್ಡ ಸ್ಕ್ರೀನ್ ತಗೊಳೋಕೆ ದುಡ್ಡಿಲ್ಲ ಅಂತ ಅಲ್ಲ, ಸ್ಕ್ರೀನೂ ಇದೆ, ಆದ್ರೂ ಇದನ್ನ ಇಟ್ಕೊಂಡಿದಾರೆ. ನಮಗೆ ಎಲೆಕ್ಟ್ರಾನಿಕ್ ಬೇಡ. ಕೈಯಲ್ಲಿ ನಡೆಸೋ ಬೋರ್ಡೇ ಬೇಕು, ಅದು ಸರಿಯಾಗಿರ್ಬೇಕು.

ಹಂಗಾಗಿ ನಾವು ಕೇಳ್ತಿರೋದು ಇಷ್ಟು. 1, 2, 3, 4 ಈ ನಾಲ್ಕು ನಂಬರಿಂದು ಒಂದೊಂದು ಪ್ಲೇಟ್ ಮೊದಲು ಕಳಿಸಿ, ನಾಲ್ಕೇ ನಾಲ್ಕು ಪ್ಲೇಟ್, ಅದಕ್ಕೆ ಕೊರಿಯರ್ ಚಾರ್ಜ್ ಬೇಕಿದ್ರೆ ನಾವೇ ಕೊಡ್ತೀವಿ. ಉಬ್ಬಿರೋ ಬೋರ್ಡ್ ವಾಪಸ್ ತಗೊಂಡು ತಗಡಿನದ್ದೋ ಅಲ್ಯೂಮಿನಿಯಂ ಶೀಟಿಂದೋ ಕೊಡಿ, ಕೊಕ್ಕೆ ಸ್ಟೀಲಿಂದಾಗಿರಲಿ, ಪೇಂಟ್ ಹೊಳೆಯದಂತದ್ದು, ನಂಬರ್ ಬಿಳಿ ಅಥವಾ ಹಳದಿ. ಆಗಲ್ಲ ಅಂದ್ರೆ 9,400 ರೂಪಾಯಿ ವಾಪಸ್ ಕೊಡಿ. ಮತ್ತೆ ನಿಮ್ಮ ಗೋಡೌನಲ್ಲಿ ಇದೇ ಮೂರು ಸೆಟ್ ಡಬ್ಬ ಎಷ್ಟಿದ್ಯೋ ಅಷ್ಟಕ್ಕೂ ಆ ನಾಲ್ಕು ಪ್ಲೇಟ್ ಸೇರಿಸಿ ಮಾರಿ, ಈಗಾಗ್ಲೇ ತಗೊಂಡಿರೋ ಶಾಲೆಗಳಿಗೆ ಸಂಘಗಳಿಗೆ ಒಂದು ಮೆಸೇಜ್ ಹಾಕಿ, ಅವರಿಗೂ ಫೈನಲ್ ದಿನಾನೇ ಗೊತ್ತಾಗೋದು ಬೇಡ.

ಏಳು ದಿನದ ರಿಟರ್ನ್ ಟೈಮ್ ಮುಗಿದಿದೆ ಅಂತ ನಿಮ್ಮವರು ಹೇಳಿದ್ರು. ಅದು ನಿಮ್ಮ ಕಂಪನಿ ರೂಲು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದೂರು ಕೊಡೋಕೆ ಎರಡು ವರ್ಷ ಟೈಮ್ ಇದೆ, ಐದು ಲಕ್ಷದ ಒಳಗಿನ ವಸ್ತುವಿಗೆ ಫೀಸೂ ಇಲ್ಲ, ಜಿಲ್ಲಾ ಗ್ರಾಹಕ ಆಯೋಗ ಶಿವಮೊಗ್ಗದಲ್ಲೇ ಇದೆ. ಅಲ್ಲಿಗೆ ಹೋಗೋಕೆ ನಮಗೆ ಇಷ್ಟ ಇಲ್ಲ, ಆದ್ರೆ 15 ದಿನದಲ್ಲಿ ಉತ್ತರ ಬರದಿದ್ರೆ ಮೊದಲು 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡ್ತೀವಿ, ಆಮೇಲೆ ಆಯೋಗಕ್ಕೆ ಹೋಗ್ತೀವಿ.

ಬಿಲ್ಲಿನ ಫೋಟೋ, ಉಬ್ಬಿರೋ ಅಂಚಿನ ಫೋಟೋ, 30 ಪ್ಲೇಟನ್ನೂ ಸಾಲಾಗಿ ಜೋಡಿಸಿ ತೆಗೆದ ಫೋಟೋ ಜೊತೆಗಿದೆ. ಶಿವರಾತ್ರಿ ಆದ ಮೇಲಿನ ಶನಿವಾರ ನಮ್ಮ ವಾಲಿಬಾಲ್ ಪಂದ್ಯಾವಳಿ ಇದೆ. ಹೊಸನಗರದ ಆ ಟೀಮಿನ ಹುಡುಗರನ್ನೂ ಕರೆದಿದೀವಿ, ಬರ್ತೀವಿ ಅಂದಿದಾರೆ. ಬೋರ್ಡಿಗೆ ಅದೇ ಪಿಯುಸಿ ಹುಡುಗನ್ನೇ ನಿಲ್ಲಿಸ್ತೀವಿ. ಅಷ್ಟರೊಳಗೆ ಪ್ಲೇಟ್ ಬರದಿದ್ರೆ ಅಜ್ಜನ ತಗಡಿನ ಪ್ಲೇಟ್‌ಗಳ ಅಂಚು ಉಜ್ಜಿ ಅದನ್ನೇ ಹಾಕ್ತೀವಿ.

ಇಂತಿ,
ಸಂಘದ ಪರವಾಗಿ,
ಸ್ಕೋರ್ ಶೀಟ್ ಬರೆಯುವವನು
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ