ಗಾಳವಿಲ್ಲದ ದಾರ

ಮಗಳೇ,

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ಪೂರ್ತಿ ಕೇಳಿಸಲಿಲ್ಲ, ಕುಕ್ಕರ್ ಕೂಗುತ್ತಿತ್ತು. ಮೀನು ಹಿಡಿಯೋದಕ್ಕೆ ಮೂರು ಸಾವಿರದ ಕಡ್ಡಿ ಅಂದೆಯಾ? ರೀಲು, ಪ್ಲಾಸ್ಟಿಕ್ ಹುಳ, ಪೆಟ್ಟಿಗೆ ಎಲ್ಲ ಸೇರಿ? ದಸರಾ ರಜೆಗೆ ಬರುವ ಹುಡುಗನಿಗೆ ಅಷ್ಟೆಲ್ಲ ಯಾಕೆ? ವಾಪಸ್ ತಗೊಳ್ಳುವ ಹಾಗಿದ್ದರೆ ಕಳಿಸಿಬಿಡು. ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಇಲ್ಲಿಗೆ ಬೇಕಾಗಿರುವುದು ಒಂದು ಬಿದಿರು ಗಳ. ಬುಡ ಗಟ್ಟಿ ಇರಬೇಕು, ತುದಿ ಬಾಗಬೇಕು. ಅದರಷ್ಟೇ ಉದ್ದದ ಟಂಗೂಸು ದಾರ, ಒಂದು ಸಣ್ಣ ಗಾಳ, ಕಾಳಿನಷ್ಟು ಸೀಸ. ಬೆಂಡಿಗೆ ಹವಾಯಿ ಚಪ್ಪಲಿಯ ಚೂರು ಸಾಕು. ನಿಮ್ಮಪ್ಪನ ನೀಲಿ ಚಪ್ಪಲಿ ಒಂದು ಕಾಲಿನದು ಕಳೆದು ಎರಡು ವರ್ಷ ಆಯ್ತು, ಇನ್ನೊಂದನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಅದನ್ನೇ ಕತ್ತರಿಸಿದೆ. ಅವರಿಗೆ ಹೇಳಬೇಡ.

ಎರೆಹುಳಕ್ಕೆ ಬಚ್ಚಲ ನೀರು ಹೋಗುವ ಬಾಳೆ ಬುಡ ಅಗೆದರಾಯ್ತು. ಹುಳ ಮುಟ್ಟಲು ನಿನ್ನ ಮಗ ಹೇಸಿಕೊಂಡರೆ ಮೈದಾ ಹಿಟ್ಟಿಗೆ ಚೂರು ಕಡಲೆಕಾಯಿ ಹಿಂಡಿ ಸೇರಿಸಿ ಗಟ್ಟಿಯಾಗಿ ಕಲಸಿಕೊಡುತ್ತೇನೆ. ಗೆಂಡೆ ಮೀನಿಗೆ ಅದೇ ಇಷ್ಟ. ನಮ್ಮ ಕಾಲುವೆಯಲ್ಲಿ ಜಾಸ್ತಿ ಸಿಗುವುದು ಜಿಲೇಬಿ ಮೀನು. ಅದು ಬೆಂಡನ್ನು ಮೊದಲು ಸುಮ್ನೆ ನಡುಗಿಸುತ್ತದೆ. ಆಗ ಎಳೆಯಬಾರದು. ಬೆಂಡು ಓರೆಯಾಗಿ ಜಾರಿ ಮುಳುಗಿತು ಅಂದರೆ ಆಗ ಎಳೆಯಬೇಕು. ಗಾಳದಿಂದ ಬಿಡಿಸುವಾಗ ತಲೆಯಿಂದ ಬಾಲದ ಕಡೆಗೆ ಅಂಗೈ ಸವರಿಕೊಂಡು ಬೆನ್ನಿನ ಮುಳ್ಳು ಮಲಗಿಸಿ ಹಿಡಿಯಲಿ. ಇಲ್ಲದಿದ್ದರೆ ಅಂಗೈ ತೂತು.

ಇದೆಲ್ಲ ನನಗೆ ನೋಡಿ ಗೊತ್ತು, ಮಾಡಿ ಅಲ್ಲ. ನಿನ್ನ ಸೋದರಮಾವಂದಿರು ನನಗೆ ಗಳ ಮುಟ್ಟಲು ಬಿಡುತ್ತಿರಲಿಲ್ಲ. ಹೆಣ್ಣು ಹುಡುಗಿ ಮುಟ್ಟಿದರೆ ಮೀನು ಕಚ್ಚುವುದಿಲ್ಲವಂತೆ! ಹುಳ ಅಗೆದು ಕೊಡುವುದಕ್ಕೆ ಮಾತ್ರ ನಾನು ಬೇಕು. ಆ ಸಿಟ್ಟಿಗೇ ನಾನು ಏಡಿಕಾಯಿ ಹಿಡಿಯುವುದು ಕಲಿತದ್ದು. ಅದಕ್ಕೆ ಗಳವೂ ಬೇಡ, ಗಾಳವೂ ಬೇಡ.

ಗೋಣಿ ಹೊಲಿಯುವ ದಾರ ಎರಡು ಮಾರು. ತುದಿಗೆ ಕೋಳಿ ಕರುಳೋ ಕತ್ತೋ ಬಿಗಿಯಾಗಿ ಕಟ್ಟಿ, ಜೊತೆಗೆ ಒಂದು ಸಣ್ಣ ಕಲ್ಲು. ತೂಬಿನ ಪಕ್ಕ ಕಲ್ಲು ಕಟ್ಟಿರುತ್ತಾರಲ್ಲ, ಆ ಸಂದಿಗೆ ಇಳಿಬಿಟ್ಟು ದಾರವನ್ನು ತೋರುಬೆರಳ ಮೇಲೆ ಇಟ್ಟುಕೊಂಡು ಕೂರಬೇಕು. ಸ್ವಲ್ಪ ಹೊತ್ತಿಗೆ ಯಾರೋ ಮೆಲ್ಲಗೆ ಜಗ್ಗಿದ ಹಾಗಾಗುತ್ತದೆ. ಮೀನಿನ ಹಾಗೆ ಕುಟುಕುವುದಿಲ್ಲ ಅದು. ಕರುಳು ಕಚ್ಚಿಕೊಂಡು ಬಿಲಕ್ಕೆ ಒಯ್ಯಲು ನೋಡುತ್ತದೆ, ಆಸೆಗೆ ಬಿಡುವುದಿಲ್ಲ. ಒಂದು ಗೇಣು ಎಳಿ, ನಿಲ್ಲಿಸು. ಮತ್ತೆ ಒಂದು ಗೇಣು. ನೀರಿನ ಮೇಲಕ್ಕೆ ತಲೆ ಬಂದ ತಕ್ಷಣ ಬಿಟ್ಟು ಓಡುತ್ತದೆ. ಅಷ್ಟರೊಳಗೆ ಎಡಗೈಲಿ ಮಂಕರಿಯನ್ನು ಅಡಿಗೆ ತೂರಿಸಿರಬೇಕು. ನನ್ನ ಅಣ್ಣಂದಿರಿಗೆ ಇದು ಯಾವತ್ತೂ ಬರಲಿಲ್ಲ. ದಾರ ಬಿಗಿಯಾದ ತಕ್ಷಣ ಸರಕ್ಕನೆ ಎಳೆದುಬಿಡುತ್ತಿದ್ದರು.

ಹಿಡಿಯುವುದು ಹಿಂದಿನಿಂದ. ಚಿಪ್ಪಿನ ಎರಡು ಪಕ್ಕಕ್ಕೆ ಹೆಬ್ಬೆರಳು, ತೋರುಬೆರಳು. ಕೊಂಡಿ ಅಲ್ಲಿಗೆ ಬಗ್ಗುವುದಿಲ್ಲ. ಮೊದಲು ಹೊಟ್ಟೆ ತಿರುಗಿಸಿ ನೋಡು. ಅಲ್ಲಿ ಮಡಚಿದ ಮುಚ್ಚಳ ಇರುತ್ತದೆ. ಸಪೂರವಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು. ಒಂದು ಸಲ ಅಗಲದ ಮುಚ್ಚಳ ಬೆರಳಿನಿಂದ ಬಿಡಿಸಿದೆ. ಒಳಗೆ ಕೊತ್ತಂಬರಿ ಕಾಳಿಗಿಂತ ಚಿಕ್ಕ ಚಿಕ್ಕ ಮರಿಗಳು, ಅವಕ್ಕೂ ಕಾಲು, ಅವಕ್ಕೂ ಕೊಂಡಿ, ಒಂದರ ಮೇಲೊಂದು ಹರಿದಾಡುತ್ತಿದ್ದವು. ಗದ್ದೆ ಏಡಿ ಮೊಟ್ಟೆ ಒಡೆದ ಮೇಲೂ ಮರಿಗಳನ್ನು ಹೊಟ್ಟೆಗೇ ಅಂಟಿಸಿಕೊಂಡು ಓಡಾಡುತ್ತದೆ. ಸಮುದ್ರದ ಏಡಿ ಹಾಗಲ್ಲ. ಅದರ ಮೊಟ್ಟೆ ಒಡೆದು ಬರುವುದು ಏಡಿಯ ಹೋಲಿಕೆಯೇ ಇಲ್ಲದ ಹುಳದಂಥ ಮರಿ, ನೀರಿನಲ್ಲಿ ತೇಲಿಕೊಂಡು ಬೆಳೆಯುತ್ತದೆ. ಅವತ್ತು ಅದನ್ನು ಮೆಲ್ಲಗೆ ನೀರಿಗೆ ಬಿಟ್ಟೆ. ಈಗಲೂ ಅಂಥದ್ದು ಸಿಕ್ಕರೆ ಬಿಡುತ್ತೇನೆ.

ಬದುವಿನ ಬಿಲಕ್ಕೆ ಕೈ ಹಾಕಲು ಮಾತ್ರ ಮಕ್ಕಳನ್ನು ಬಿಡಬೇಡ. ನಾನು ಹಾಕಿದ್ದೆ. ಏಡಿಯ ಬದಲು ತಣ್ಣಗೆ, ನುಣ್ಣಗೆ ಏನೋ ಸಿಕ್ಕಿತು. ಒಳ್ಳೆಹಾವು. ವಿಷ ಇಲ್ಲ, ಆದರೆ ಕಚ್ಚುವುದು ಚೆನ್ನಾಗಿಯೇ ಕಚ್ಚಿತು. ಅವ್ವನಿಗೆ ಮುಳ್ಳು ಗೀರಿದ್ದು ಅಂದೆ.

ಇನ್ನೊಂದು. ದೊಡ್ಡ ನಾಲೆ ಹತ್ತಿರ ಹೋಗುವುದೇ ಬೇಡ. ಈ ಸಲ ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದರೆ ನಾಲೆಯೂ ರಭಸವಾಗಿಯೇ ಹರಿಯುತ್ತದೆ. ಪಕ್ಕದ ಕಾಂಕ್ರೀಟು ಪಾಚಿ ಹಿಡಿದು ಜಾರುತ್ತದೆ. ಬಿದ್ದರೆ ಈಜು ಬಂದವರಿಗೂ ಹತ್ತಲು ಹಿಡಿತ ಸಿಗುವುದಿಲ್ಲ. ನಮ್ಮ ಗದ್ದೆ ಪಕ್ಕದ ಮೊಣಕಾಲುದ್ದದ ಕಾಲುವೆ ಸಾಕು. ಊರ ಕೆರೆ ಮೀನು ಗುತ್ತಿಗೆಗೆ ಹೋಗಿದೆ, ಕೇಳದೆ ಗಾಳ ಹಾಕಿದರೆ ಜಗಳ. ರಂಗನತಿಟ್ಟಿನ ಕಡೆ ಪಕ್ಷಿಧಾಮ, ಮೀನು ಹಿಡಿಯುವ ಹಾಗೇ ಇಲ್ಲ, ಮೊಸಳೆ ಬೇರೆ.

ಇಷ್ಟು ಸಣ್ಣ ನೀರಾ ಅಂತ ಹುಡುಗ ಮುಖ ಊದಿಸಿಕೊಂಡರೆ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರ ಕಥೆ ಹೇಳು. ಪ್ರಾಣಿಗಳ ಚರ್ಮಕ್ಕೆ ಹದ ಹಾಕಿ ನಿಲ್ಲಿಸುತ್ತಿದ್ದರಲ್ಲ, ಅವರೇ. ಅವರಲ್ಲೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಸೀರ್ ಮೀನು ಹಿಡಿದಿದ್ದರು. ಐವತ್ತು ಕೆಜಿಗೂ ಜಾಸ್ತಿ, ಅವನ ಎರಡರಷ್ಟು. ಆ ಗೂನುಬೆನ್ನಿನ ಮಹಸೀರ್ ಈಗ ಅಳಿವಿನ ಅಂಚಿಗೆ ಬಂದಿದೆ.

ಆಮೇಲೆ, ಗುಳಿಗೆ ಔಷಧಿ ಹಾಕಿದ ಗದ್ದೆಯ ಏಡಿ ತರುವುದು ಬೇಡ, ಯಾವ ಗದ್ದೆ ಅಂತ ನಾನು ತೋರಿಸುತ್ತೇನೆ. ಸಾರು ಚೆನ್ನಾಗಿ ಕುದಿಯಲೇಬೇಕು. ಅರೆಬೆಂದ ಏಡಿ ತಿಂದರೆ ಶ್ವಾಸಕೋಶಕ್ಕೆ ಹುಳ ಸೇರುವುದೂ ಉಂಟು. ಕಾಲುಗಳನ್ನು ಒರಳಲ್ಲಿ ಕುಟ್ಟಿ ಸೋಸಿದ ರಸ ಹಾಕಿದರೇನೇ ಆ ಸಾರಿಗೆ ರುಚಿ. ನೀನು ಮಿಕ್ಸಿ ಅನ್ನಬೇಡ.

ನೀನು ಕಡ್ಡಿ ತರಿಸಿದ್ದು ಒಂದೇ, ಅಲ್ವಾ? ನಿನ್ನ ಮಗಳು ಪುಟ್ಟಿ ಹೆಸರು ನಿನ್ನ ಬಾಯಲ್ಲಿ ಬರಲಿಲ್ಲ. ಇಲ್ಲಿ ಎರಡು ಗಳ ಕಡಿದು ಒಣಗಿಸಿದ್ದೇನೆ, ಎರಡು ಬೆಂಡು. ಏಡಿ ದಾರವನ್ನು ಮಾತ್ರ ಅವಳಿಗೊಬ್ಬಳಿಗೇ ಸುತ್ತಿಟ್ಟಿದ್ದೇನೆ. ಅವಳಿಗೆ ಕೂರುವ ತಾಳ್ಮೆ ಇದೆ, ನಿನ್ನ ಮಗನಿಗೆ ನನ್ನ ಅಣ್ಣಂದಿರ ಕೈ.

ಕೋಳಿ ಅಂಗಡಿಯಲ್ಲಿ ಕರುಳು ಹೇಳಿಟ್ಟಿದ್ದೇನೆ. ಸಾರು ಆಯುಧಪೂಜೆ ಕಳೆದ ಮೇಲೆಯೇ. ಅಲ್ಲಿಯವರೆಗೆ ಹಿಡಿದದ್ದನ್ನೆಲ್ಲ ವಾಪಸ್ ನೀರಿಗೆ ಬಿಡಲಿ, ಕೈ ಪಳಗುತ್ತದೆ. ಮಕ್ಕಳಿಗೆ ಹಳೇ ಬಟ್ಟೆ ಜಾಸ್ತಿ ತಾ.

ನಿನ್ನ ಅವ್ವ