ಟೋರ್ಟಿಯಾ ಬಿಡು ಅನ್ನುವ ಮೊದಲು

ಮಾನ್ಯ ಸಂಪಾದಕರೇ,

ನಾನು ವಿಜಯಪುರದವಳು, ಈಗ ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿದ್ದೇನೆ. ಪಕ್ಕದ ಮನೆಯಾಕೆ ಮೆಕ್ಸಿಕೊದ ಒಹಾಕಾದಿಂದ ಬಂದವಳು, ದ್ರಾಕ್ಷಿ ತೋಟದಲ್ಲಿ ಕೂಲಿ. ಕ್ಲಿನಿಕ್ಕಿನಲ್ಲಿ ಅವಳಿಗೆ ‘ತೂಕ ಇಳಿಸು, ಟೋರ್ಟಿಯಾ ಬಿಡು’ ಎಂದು ಹೇಳಿ ಕಳಿಸಿದರು. ಟೋರ್ಟಿಯಾ ಅಂದರೆ ಅವರ ಗೋವಿನಜೋಳದ ರೊಟ್ಟಿ. ಸಂಜೆ ನಮ್ಮ ಮೆಟ್ಟಿಲ ಮೇಲೆ ಕೂತು ಅತ್ತಳು.

ಅವಳು ಟೋರ್ಟಿಯಾ ಮಾಡುವುದನ್ನು ಹತ್ತಿರದಿಂದ ನೋಡಿದ್ದೇನೆ. ಗೋವಿನಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರಾತ್ರಿಯಿಡೀ ನೆನೆಸುತ್ತಾಳೆ. ಸಿಪ್ಪೆ ತಿಕ್ಕಿ ತೊಳೆದು ರುಬ್ಬುತ್ತಾಳೆ. ಕಾದ ಹಂಚಿನ ಮೇಲೆ ಎಣ್ಣೆಯಿಲ್ಲದೆ ಉಬ್ಬುತ್ತದೆ, ಥೇಟ್ ನಮ್ಮ ರೊಟ್ಟಿ! ಸುಣ್ಣದಿಂದ ಕ್ಯಾಲ್ಸಿಯಂ ಸಿಗುತ್ತದೆ, ಕಾಳಿನೊಳಗಿನ ನಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುತ್ತದೆ. ಜೊತೆಗೆ ಬೇಯಿಸಿದ ಬೀನ್ಸ್. ಇದನ್ನು ಬಿಡಬೇಕಾ? ಬಡ ತಾಯಂದಿರು, ಮಕ್ಕಳಿಗಾಗಿ ಅಮೆರಿಕ ಸರ್ಕಾರ ನಡೆಸುವ ಡಬ್ಲ್ಯುಐಸಿ ಯೋಜನೆಗೇ 2009ರಲ್ಲಿ ಟೋರ್ಟಿಯಾ ಸೇರಿತು, ಅಲ್ವಾ?

ಬೆಳಗಿನ ಜಾವ ನಾಲ್ಕಕ್ಕೆ ಹೊರಡುವವಳಿಗೆ ಮಧ್ಯಾಹ್ನ ಕೈಗೆ ಸಿಗುವುದು ಚಿಪ್ಸ್, ಕೋಲಾ. 355 ಮಿ.ಲೀ. ಕ್ಯಾನಿನಲ್ಲಿ ಸುಮಾರು 39 ಗ್ರಾಂ ಸಕ್ಕರೆ, ಹೆಚ್ಚುಕಡಿಮೆ ಒಂಬತ್ತು ಹತ್ತು ಚಮಚ. ದಿನಕ್ಕೆ ಮೂರು ಕುಡಿಯುತ್ತಿದ್ದಳು. ಅದನ್ನು ಯಾರೂ ಕೇಳಲೇ ಇಲ್ಲ. ಕೇಳಿದ್ದರೂ ಹೇಗೆ ಹೇಳುತ್ತಿದ್ದಳು? ಅವಳ ಮನೆಮಾತು ಮಿಸ್ಟೆಕ್ ಎಂಬ ಮೂಲನಿವಾಸಿಗಳ ಭಾಷೆ, ಸ್ಪ್ಯಾನಿಷ್ ಕೂಡ ಅಷ್ಟಕ್ಕಷ್ಟೇ.

ಈಗ ಒಣ ದಾಸವಾಳ ಕುದಿಸಿದ ನೀರು ಒಯ್ಯುತ್ತಾಳೆ, ಸಕ್ಕರೆ ಹಾಕದೆ. ಅದೂ ಅವಳ ಊರಿನದೇ ಪಾನೀಯ.

ಇಲ್ಲಿನ ಆಸ್ಪತ್ರೆಗಳಲ್ಲಿ ಕನ್ನಡದ ಡಾಕ್ಟರು, ನರ್ಸುಗಳು ಇದ್ದಾರೆ. ನಿಮ್ಮ ಪತ್ರಿಕೆ ಓದುತ್ತಾರೆ ಅಂತಲೇ ಬರೆದೆ. ದಯವಿಟ್ಟು ಇಂಥವರು ಬಂದಾಗ ದುಭಾಷಿಯನ್ನು ಕರೆಸಿ, ಅಡುಗೆಮನೆಯಲ್ಲಿ ಏನಿದೆ ಎಂದು ಮೊದಲು ಕೇಳಿ.

ಇಂತಿ ನಿಮ್ಮ ಓದುಗಿತ್ತಿ,
ಫ್ರೆಸ್ನೊ, ಕ್ಯಾಲಿಫೋರ್ನಿಯಾ